ಉಗುರುಬಣ್ಣದ ಚುಕ್ಕೆ

ಸೂಜಿ ಸಮೇತ ಒಂದು ಹೊಸ ಸಿರಿಂಜಿಗೆ ಮೂರು ರೂಪಾಯಿ. ನೋವಿನ ಔಷಧದ ಆಂಪೂಲು, ಡಾಕ್ಟರ ಚೀಟಿ ತೋರಿಸಿದರೆ ಒಂಬತ್ತು, ತೋರಿಸದಿದ್ದರೆ ಅಂಗಡಿಯವನ ಬಾಯಿಗೆ ಬಂದಷ್ಟು. ಉಗುರುಬಣ್ಣದ ಚಿಕ್ಕ ಶೀಶೆ ತೆರಕಣಾಂಬಿ ಸಂತೆಯಲ್ಲಿ ಐದು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸು ಹತ್ತು, ಬರುವಾಗ ಮತ್ತೆ ಹತ್ತು. ಅವ್ವನ ಮೊಣಕಾಲಿಗೆ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಹಾಕಿಸಿದರೆ ಇಪ್ಪತ್ತು. ಸರ್ಕಾರಿ ಆಸ್ಪತ್ರೆಯಲ್ಲಾದರೆ ಪುಕ್ಕಟೆ, ಆದರೆ ಒಂದು ದಿನ ಪೂರ್ತಿ ಹೋಗುತ್ತದೆ. ಕಿಟಕಿಯ ಪಕ್ಕ ಕೂತು ಕುಮಾರಿ ಇದನ್ನೆಲ್ಲ ಮನಸ್ಸಿನಲ್ಲೇ ಕೂಡಿ ಕಳೆಯುತ್ತಿದ್ದಳು. ಲೆಕ್ಕದಲ್ಲಿದ್ದರೆ ಪಕ್ಕದ ಸೀಟು ಖಾಲಿ ಇರುವುದು ಅಷ್ಟಾಗಿ ಕಾಣುವುದಿಲ್ಲ. ಬಸ್ಸಿನಲ್ಲಿ ನಿಂತವರಿದ್ದರು. ಸೊಪ್ಪಿನ ಗಂಟು ಹೊತ್ತಿದ್ದ ಹೆಂಗಸೊಬ್ಬಳು ಸೀಟು ನೋಡಿ, ಕುಮಾರಿಯ ಮುಖ ನೋಡಿ, ಗಂಟನ್ನು ಕಾಲ ಬಳಿ ಇಳಿಸಿಕೊಂಡು ಕಂಬಿ ಹಿಡಿದು ನಿಂತೇ ಇದ್ದಳು. ಗುಂಡ್ಲುಪೇಟೆಯಲ್ಲಿ ಅವಳಿಗೆ ‘ಸೂಜಿ ಕುಮಾರಿ’ ಎಂದು ಹೆಸರು ಬಿದ್ದು ಎರಡು ವರ್ಷವಾಗಿತ್ತು. ಅವಳು ಸೂಜಿ ಮಾರುತ್ತಾಳೆ ಎನ್ನುವವರು ಕೆಲವರು, ಅವಳಿಗೇ ಏನೋ ಕಾಯಿಲೆ ಇದೆ ಎನ್ನುವವರು ಕೆಲವರು. ಮೊದಮೊದಲು ನಿಲ್ಲಿಸಿ ವಿವರಿಸುತ್ತಿದ್ದಳು. ವಿವರಿಸಿದಷ್ಟೂ ಜನ ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ಕಂಡು ಈಗ ಬಿಟ್ಟಿದ್ದಳು.

ಕೆಲಸವೇನೋ ಸರಳವಾದದ್ದೇ. ಸೋಮವಾರ, ಗುರುವಾರ ಊಟಿ ರಸ್ತೆಯ ಪಂಚರ್ ಅಂಗಡಿಯ ಹಿಂದೆ, ಹಳೆಯ ಟೈರುಗಳ ರಾಶಿಯ ಮರೆಯಲ್ಲಿ, ಒಂದು ಬ್ಯಾಗು, ಒಂದು ಡಾಲ್ಡಾ ಡಬ್ಬ ಇಟ್ಟುಕೊಂಡು ಕೂರುವುದು. ನೋವಿನ ಔಷಧವನ್ನು ನರಕ್ಕೆ ಚುಚ್ಚಿಕೊಳ್ಳುವ ಗಂಡಸರು ಒಬ್ಬೊಬ್ಬರಾಗಿ ಬರುತ್ತಾರೆ. ಲಾರಿಯವರು, ಕರಿಕಲ್ಲಿನ ಕ್ವಾರಿಯಲ್ಲಿ ನಡ ಮುರಿದುಕೊಂಡವರು, ಕೋಳಿಕ್ಕೋಡಿಗೆ ತರಕಾರಿ ಹೊಡೆಯುವ ಮಲಯಾಳಿ ಡ್ರೈವರೊಬ್ಬ. ಅವನು ಅವಳನ್ನು ತನ್ನ ಭಾಷೆಯಲ್ಲಿ ಚೇಚಿ, ಅಕ್ಕ, ಎನ್ನುತ್ತಾನೆ. ಹಳೆಯ ಸಿರಿಂಜನ್ನು ಡಬ್ಬಕ್ಕೆ ಹಾಕಿದವನಿಗೆ ಹೊಸದು. ಹಳೆಯದು ತರದವನಿಗೆ ಬೈಗುಳ, ಆಮೇಲೆ ಹೊಸದು. ಒಂದೇ ಸೂಜಿಯನ್ನು ನಾಲ್ಕು ಜನ ಚುಚ್ಚಿಕೊಂಡರೆ ಒಬ್ಬನ ಏಡ್ಸು ನಾಲ್ಕೂ ಜನಕ್ಕೆ ಹೋಗುತ್ತದೆ ಎಂದು ಪ್ರಾಜೆಕ್ಟು ನಡೆಸುವ ಮೈಸೂರಿನ ಮೇಡಂ ಅವಳಿಗೆ ಹೇಳಿಕೊಟ್ಟಿದ್ದರು. ಈ ಕೆಲಸಕ್ಕೆ ಅವಳನ್ನು ಆರಿಸಿದವರೂ ಅವರೇ. ಚುಚ್ಚಿಕೊಳ್ಳುವುದನ್ನು ಬಿಡಿಸುವುದು ಆಮೇಲಿನ ಮಾತು ಕುಮಾರಿ, ಮೊದಲು ಜೀವ ಉಳಿಸೋಣ ಎಂದಿದ್ದರು. ಉಗುರುಬಣ್ಣ ಮಾತ್ರ ಅವಳದೇ ಯೋಚನೆ. ಗುಂಪಾಗಿ ಕೂತಾಗ ಯಾರ ಸಿರಿಂಜು ಯಾರದೆಂದು ತಿಳಿಯದೆ ಅದಲುಬದಲಾಗುತ್ತಿತ್ತು. ಸಿರಿಂಜಿನ ಮೇಲ್ತುದಿಯಲ್ಲಿ ಬೆರಳಿಗೆ ಆಸರೆಯಾಗಿ ಎರಡು ರೆಕ್ಕೆಗಳಿರುತ್ತವಲ್ಲ, ಅದರ ಅಡಿಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಚುಕ್ಕೆ ಇಟ್ಟಳು. ಬಣ್ಣ ಹಂಚಿದ ದಿನ ಟೈರಿನ ರಾಶಿಯ ಹಿಂದೆ ಮದುವೆ ಮನೆಯ ಗಲಾಟೆ. ‘ಗುಲಾಬಿ ಬ್ಯಾಡ ಕಣಕ್ಕ, ಗಂಡಸು ನಾನು’ ಎಂದು ಒಬ್ಬ, ‘ನೀನು ಗಂಡ್ಸು ಅಂತ ಯಾವ್ ನನ್ಮಗ ಅಂದೋನು, ಇಸ್ಕೊಳ್ಲಾ’ ಎಂದು ಇನ್ನೊಬ್ಬ. ಸೋಮಯ್ಯ ಮಾತ್ರ ಶೀಶೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಕಪ್ಪುಗೆಂಪನ್ನು ಆರಿಸಿದ. ಅವನನ್ನು ಬಿಟ್ಟುಹೋದ ಹೆಂಡತಿ ಮದುವೆಯ ದಿನ ಹಚ್ಚಿಕೊಂಡಿದ್ದು ಅದೇ ಬಣ್ಣವಂತೆ.

ಸೋಮಯ್ಯನ ಕಾಲ ಮೇಲೆ ಕ್ವಾರಿಯಲ್ಲಿ ಕಲ್ಲು ಬಿದ್ದಿತ್ತು. ನೋವಿಗೆಂದು ಹಾಕಿಸಿಕೊಂಡ ಇಂಜೆಕ್ಷನ್ನು ಕಾಲು ಕೂಡಿದ ಮೇಲೂ ಬಿಡಲಿಲ್ಲ. ಕಳೆದ ವರ್ಷ ಮೇಡಂ ಎಲ್ಲರ ರಕ್ತವನ್ನೂ ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಕಾಯಿಲೆ ಇದೆ ಎಂದು ಬಂದದ್ದು ಅವನೊಬ್ಬನಿಗೆ. ಅದನ್ನು ಅವನು ಕುಮಾರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆಮೇಲಿನಿಂದ ಅವನಷ್ಟು ಜೋಪಾನದ ಮನುಷ್ಯನನ್ನು ಅವಳು ಕಂಡಿಲ್ಲ. ಹಳೆಯ ಸಿರಿಂಜನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ತರುತ್ತಾನೆ. ‘ಇದ ಬ್ಯಾರೆ ಇಕ್ಕು ಅಕ್ಕ. ಸುಡಗಂಟ ಯಾರ ಕೈಗೂ ತಗಲ್ಬಾರ್ದು’ ಎನ್ನುತ್ತಾನೆ. ಹೂಂ ಎಂದು ಅವಳು ಅದನ್ನೂ ಡಬ್ಬಕ್ಕೇ ಹಾಕುತ್ತಾಳೆ. ಹೇಗೂ ಎಲ್ಲವೂ ಬೆಂಕಿಗೆ ಹೋಗುವುದು.

ಬೆಂಕಿಯ ಕೆಲಸ ಅವಳ ಗಂಡ ಶಾಂತರಾಜುವಿನದು. ಭೀಮನಬೀಡಿನ ದಾರಿಯಲ್ಲಿ ಮರಿಯಪ್ಪನ ಇಟ್ಟಿಗೆ ಗೂಡಿದೆ. ಲಾರಿ ಬಿಟ್ಟ ಮೇಲೆ ಅವನು ಅಲ್ಲಿ ಸೌದೆ ಒಡ್ಡುವ ಕೆಲಸಕ್ಕಿದ್ದಾನೆ. ಗೂಡು ಉರಿಯುವ ದಿನಗಳಲ್ಲಿ ತುಂಬಿದ ಡಬ್ಬವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಾನೆ. ಮೊದಲ ಸಲ ತಾನೂ ಬರುತ್ತೇನೆ, ಕಣ್ಣಾರೆ ನೋಡುತ್ತೇನೆ ಎಂದು ಕುಮಾರಿ ಹೊರಟಿದ್ದಳು. ಪೂಜೆ ಮಾಡಿ ಬೆಂಕಿ ಕೊಟ್ಟ ಮೇಲೆ ಗೂಡು ತಣ್ಣಗಾಗುವವರೆಗೂ ಹೆಂಗಸರು ಅದರ ಸುತ್ತ ಎಳೆದ ಸುಣ್ಣದ ಗೆರೆ ದಾಟುವಂತಿಲ್ಲ. ದಾಟಿದರೆ ಇಟ್ಟಿಗೆ ಹಸಿಯಾಗಿಯೇ ಉಳಿಯುತ್ತದೆ, ಅದು ಮರಿಯಪ್ಪನ ಅಪ್ಪನ ಕಾಲದ ಕಟ್ಟಳೆ. ಮಣ್ಣು ತುಳಿಯಲು, ಇಟ್ಟಿಗೆ ಕೊಯ್ಯಲು, ಹೊತ್ತು ಪೇರಿಸಲು ಹೆಂಗಸರೇ ಬೇಕು, ಬೆಂಕಿಗೆ ಮಾತ್ರ ಆಗುವುದಿಲ್ಲ. ಅವಳು ನಕ್ಕು ಹಿಂದಿರುಗಿದ್ದಳು. ಇನ್ನೊಬ್ಬರ ಅನ್ನದ ಮೇಲೆ ತನ್ನ ಅನುಮಾನ ಯಾಕೆ ಹಾಕಬೇಕು ಎನಿಸಿತ್ತು. ಮೇಲಾಗಿ ಡಬ್ಬ ಒಯ್ಯುವವನು ಬೇರೆ ಯಾರೂ ಅಲ್ಲ. ಕೇರಳದ ಬತ್ತೇರಿಯ ಲಾರಿ ಸ್ಟ್ಯಾಂಡಿನಲ್ಲಿ ಅಂಟಿಸಿಕೊಂಡು ಬಂದ ಇದೇ ಸೂಜಿಯ ಚಟವನ್ನು ಚಾಪೆಯ ಮೇಲೆ ಹೊರಳಾಡಿ, ಗೋಡೆಗೆ ತಲೆ ಚಚ್ಚಿಕೊಂಡು ಬಿಟ್ಟವನು. ಆ ದಿನಗಳಲ್ಲಿ ಅವನ ವಾಂತಿ ಬಳಿದದ್ದು ಇವಳೇ. ಟೈರಿನ ರಾಶಿಯ ಹಿಂದೆ ಯಾರಾದರೂ ನಮ್ಮ ಕೈಲಾಗಲ್ಲ ಅಕ್ಕ ಎಂದರೆ, ನನ್ನ ಗಂಡ ಬಿಟ್ಟಿಲ್ಲವಾ ಎನ್ನುತ್ತಿದ್ದಳು. ಕೆಲವು ಸಲ ಅವನು ಅಲ್ಲೇ ಸೈಕಲ್ಲಿಗೆ ಒರಗಿ ನಿಂತು ಡಬ್ಬಕ್ಕೆ ಕಾಯುತ್ತಿರುತ್ತಿದ್ದ. ಎಲ್ಲರೂ ಅವನತ್ತ ತಿರುಗುತ್ತಿದ್ದರು, ಅವನು ಚಕ್ರದ ಕಡೆ ನೋಡುತ್ತಿದ್ದ. ನಾಚಿಕೆ ಎಂದುಕೊಂಡಿದ್ದಳು.

ಬೆಳಿಗ್ಗೆ ಅವಳು ಹೊರಡುವಾಗ ಶಾಂತರಾಜು ಬಾಗಿಲಿಗೆ ಬಂದು, ಅವ್ವನನ್ನು ಸರ್ಕಾರಿ ಆಸ್ಪತ್ರೆಗೇ ಕರೆದುಕೊಂಡು ಹೋಗು, ಆ ಗೋವಿಂದಯ್ಯನ ಕ್ಲಿನಿಕ್ಕಿಗೆ ಬೇಡ ಎಂದಿದ್ದ. ಒಂದು ಸಲವಲ್ಲ, ಚಪ್ಪಲಿ ಮೆಟ್ಟುವಾಗ ಒಂದು ಸಲ, ಬೀದಿಯ ತಿರುವಿನವರೆಗೂ ಬಂದು ಇನ್ನೊಂದು ಸಲ. ಅತ್ತೆಯ ಬಗ್ಗೆ ಇಷ್ಟು ಅಕ್ಕರೆಯೇ ಎಂದು ಅವಳಿಗೆ ಸಂತೋಷವಾಗಿತ್ತು. ಖಾಲಿ ಸೀಟಿನ ಪಕ್ಕ ಕೂತು ಚಾಮರಾಜನಗರ ಬರುವವರೆಗೂ ಆ ಸಂತೋಷವನ್ನು ಮಡಿಲಲ್ಲಿಟ್ಟುಕೊಂಡೇ ಇದ್ದಳು.

ಜಿಲ್ಲೆಯಾದ ಮೇಲೆ ಊರಿನ ಕಚೇರಿಗಳ ಬೋರ್ಡುಗಳಿಗೆಲ್ಲ ಹೊಸ ಬಣ್ಣ ಬಂದಿತ್ತು. ರಾಮಸಮುದ್ರದ ಮನೆಯಿಂದ ಅವ್ವ ಮಲ್ಲಾಜಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಾಗ ಸಾಲು ಗೇಟಿನಾಚೆಗೂ ಬೆಳೆದಿತ್ತು. ಅವ್ವ ಸ್ವಲ್ಪ ಹೊತ್ತು ಕೋಲೂರಿ ನಿಂತಳು, ಸ್ವಲ್ಪ ಹೊತ್ತು ಮಗಳ ಭುಜ ಹಿಡಿದು ನಿಂತಳು, ಆಮೇಲೆ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಕೂತವಳು ಏಳಲಾರಳು. ಸಾಲು ಸರಿದಾಗಲೆಲ್ಲ ಅವಳನ್ನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಬೇಕು, ಎಬ್ಬಿಸಿದಾಗಲೆಲ್ಲ ಹಿಂದಿನವರು ಹುಬ್ಬು ಗಂಟಿಕ್ಕುತ್ತಾರೆ. ‘ನನ್ನ ಇಂಗೆ ಮೂಟೆ ಎತ್ತಿದಂಗೆ ಎತ್ಬ್ಯಾಡ ಕಣಮ್ಮಿ,’ ಎಂದಳು ಅವ್ವ, ‘ಗೋವಿಂದಯ್ಯ ನೆನ್ನೆ ಆಕ್ದ ಸೂಜಿ ಎಷ್ಟೋ ಆಯಾಗಿತ್ತು. ಅಲ್ಲೀಗೇ ನಡಿ.’ ನೆನ್ನೆ ಅವ್ವ ಪಕ್ಕದ ಮನೆಯವಳ ಜೊತೆ ಅಲ್ಲಿಗೆ ಹೋಗಿದ್ದಳೆಂಬುದು ಕುಮಾರಿಗೆ ಗೊತ್ತಾದದ್ದು ಆಗ. ಗಂಡನ ಮಾತು ನೆನಪಾಯಿತು. ಅಲ್ಲಿ ದುಡ್ಡು ಸುಲಿಯುತ್ತಾರೆಂದು ಹೇಳಿರಬೇಕು, ಇಪ್ಪತ್ತು ರೂಪಾಯಿ ತಾನೇ, ಸಂಜೆ ಹೇಳಿದರಾಯಿತು ಎಂದುಕೊಂಡು ಆಟೋ ಕರೆದಳು.

ಕ್ಲಿನಿಕ್ಕು ಎಂದರೆ ಎರಡು ಕೋಣೆ. ಒಳಗಿನ ಕೋಣೆಯಲ್ಲಿ ಡಾಕ್ಟರು, ಹೊರಗಿನದರಲ್ಲಿ ಬೆಂಚು, ಪರದೆ, ಪರದೆಯ ಹಿಂದೆ ಕಾಂಪೌಂಡರ್ ಗೋವಿಂದಯ್ಯ. ಸ್ಟವ್ವಿನ ಮೇಲೆ ಸ್ಟೀಲಿನ ತಟ್ಟೆಯಲ್ಲಿ ನೀರು ಕುದಿಯುತ್ತಿತ್ತು. ಕುದಿಯುವುದನ್ನು ಕಂಡು ಕುಮಾರಿಗೆ ಸಮಾಧಾನವೇ ಆಯಿತು. ಗಾಜಿನ ಸಿರಿಂಜಿರಬೇಕು, ಹಳೆಯ ಕಾಲದ ಮನುಷ್ಯ ಎಂದುಕೊಂಡಳು. ಅವ್ವನ ರವಿಕೆಯ ತೋಳು ಬಿಗಿಯಾಗಿತ್ತು. ಅದನ್ನು ಮೇಲೆ ಸರಿಸಿ, ತೋಳು ಹಿಡಿದುಕೊಂಡು, ಆ ಕಡೆ ನೋಡವ್ವ, ಏನೂ ಆಗಲ್ಲ ಎಂದವಳು ಅವಳೇ. ಗೋವಿಂದಯ್ಯನ ಕೈ ನಿಜಕ್ಕೂ ಹಗುರ. ಚುಚ್ಚಿದ್ದು ತಿಳಿಯಲಿಲ್ಲ. ಔಷಧ ಇಳಿಯುತ್ತಾ ಇಳಿಯುತ್ತಾ ಅವನ ಎರಡು ಬೆರಳು ರೆಕ್ಕೆಗಳ ಮೇಲೆ ಕೂತಿದ್ದವು. ಸೂಜಿ ಹೊರಗೆ ಎಳೆದು ಅವನು ಕೈ ತಿರುಗಿಸಿದಾಗ ರೆಕ್ಕೆಯ ಅಡಿ ಕಿಟಕಿಯ ಬೆಳಕಿಗೆ ಬಂತು. ಎಷ್ಟೋ ಸಲ ಕುದ್ದು ಪ್ಲಾಸ್ಟಿಕ್ಕು ಗಂಜಿಯ ಬಣ್ಣಕ್ಕೆ ತಿರುಗಿತ್ತು. ಚುಕ್ಕೆ ಮಾತ್ರ ಹಾಗೇ ಇತ್ತು. ಕಪ್ಪುಗೆಂಪು. ಒಂದು ಕಡೆ ಸ್ವಲ್ಪ ಬಾಲ ಬಂದಿತ್ತು; ಅವಳ ಶೀಶೆಯ ಕಡ್ಡಿಯ ಕೂದಲು ಸೀಳಿದ್ದರಿಂದ ಈಚೆಗೆ ಎಲ್ಲ ಚುಕ್ಕೆಗೂ ಆ ಬಾಲ ಬರುತ್ತಿತ್ತು.

ಹತ್ತಿ ಒತ್ತಿಕೊಂಡು ಕೂತಿದ್ದ ಅವ್ವನನ್ನು ನೋಡಿದಳು, ತಟ್ಟೆಯನ್ನು ನೋಡಿದಳು. ನೀರಿನಲ್ಲಿ ಹಸಿರು ಚುಕ್ಕೆಯದೊಂದು, ಗುಲಾಬಿಯದೊಂದು, ನೀಲಿಯದೊಂದು ಮಗ್ಗುಲಾಗಿ ಮಲಗಿದ್ದವು. ಅವುಗಳ ಒಡೆಯರ ಹೆಸರೂ ಮುಖವೂ ಅವಳಿಗೆ ಗೊತ್ತಿತ್ತು. ಟೈರಿನ ರಾಶಿಯ ಹಿಂದಿನ ಗುರುವಾರ ಪೂರ್ತಿ ಆ ತಟ್ಟೆಯಲ್ಲಿ ಕುದಿಯುತ್ತಿತ್ತು. ಇದು ಎಲ್ಲಿಂದ ತಂದದ್ದು ಎಂದು ಕೇಳಿದಾಗ ತನ್ನ ದನಿ ಅಂಗಡಿಯಲ್ಲಿ ಬೇಳೆಯ ದರ ಕೇಳಿದಷ್ಟು ಸಾದಾ ಇದ್ದುದು ಅವಳಿಗೇ ಆಶ್ಚರ್ಯವಾಯಿತು. ಗೋವಿಂದಯ್ಯ ಕನ್ನಡಕದ ಮೇಲಿಂದ ನೋಡಿ, ಮಲ್ಲಾಜಮ್ಮನ ಮಗಳು, ಗುಂಡ್ಲುಪೇಟೆಯಲ್ಲಿರುವವಳು ಎಂದು ಗುರುತು ಹಿಡಿದು, ಮುಖ ಅರಳಿಸಿದ.

‘ನೀವೇ ಕಳಿಸ್ತೀರಂತಲ್ಲ ತಾಯಿ. ನಿಮ್ಮ ಯಜಮಾನ್ರು ಇಟ್ಟಿಗೆ ಲಾರೀಲಿ ಬಂದಾಗ ತಂದ್ಕೊಡ್ತಾರೆ. ಕ್ಯಾಂಪಲ್ಲಿ ಮಕ್ಕಳಿಗೆ ಒಂದೇ ಸಲ ಆಕಿದ್ದು, ಬಿಸಾಕಕ್ಕೆ ಮನಸ್ಸು ಬರಕಿಲ್ಲ, ಬಡವರಿಗಾಗ್ಲಿ ಅಂತ ನಮ್ಮೆಂಗಸ್ರು ಕೊಟ್ಟವ್ರೆ ಅಂದ್ರು. ಪಾಪ, ದುಡ್ಡು ಅಂತ ಒಂದ್ ಪೈಸೆ ಮುಟ್ಟಿಲ್ಲ ಕಣಮ್ಮ ಅವ್ರು.’

‘ಮತ್ತೇನ್ ಕೊಡ್ತಿದ್ರಿ?’

‘ಏನಿಲ್ಲ, ಡಬ್ಬಕ್ಕೆ ಎಲ್ಡು ಮೂರು ನೋವಿನ ಆಂಪೂಲು. ನಡ ನೋವಲ್ವ ಅವ್ರಿಗೆ? ಸೌದೆ ಹೊರೋ ಕೆಲ್ಸ.’

ಪರದೆಯ ಆಚೆ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಗೋವಿಂದಯ್ಯ ಇನ್ನೂ ಮಾತಾಡುತ್ತಿದ್ದ. ಎರಡೆರಡು ಸಲ ಕುದಿಸುತ್ತಾನಂತೆ, ಸೂಜಿಯನ್ನು ಸಾಣೆ ಹಿಡಿಯುತ್ತಾನಂತೆ, ಡಾಕ್ಟರಿಗೆ ಹೊಸದರ ಖರ್ಚು ಉಳಿದು ಅವರಿಗೂ ಸಂತೋಷವಂತೆ. ಅವನ ಮುಖದಲ್ಲಿ ಕಪಟವಿರಲಿಲ್ಲ. ಅಥವಾ ತನಗೆ ಬೇಕಾದಷ್ಟನ್ನೇ ನಂಬುವುದು ಕಲಿತ ಮುಖವಾಗಿತ್ತು ಅದು. ಆ ಮುಖ ಅವಳಿಗೆ ಹೊಸದಲ್ಲ. ಗೂಡಿನಿಂದ ಬಂದವನ ಅಂಗಿಯಲ್ಲಿ ಹೊಗೆಯ ವಾಸನೆ ಹಿಡಿದು, ಸುಟ್ಟು ಬಂದ ಎಂದು ನೆಮ್ಮದಿಯಿಂದ ಬಿಸಿನೀರು ತೋಡಿಕೊಟ್ಟ ಹೆಂಗಸಿನ ಮುಖವೂ ಹಾಗೇ ಇದ್ದಿರಬೇಕು. ಕುಮಾರಿ ಸ್ಟವ್ ಆರಿಸಿದಳು. ನೀರನ್ನು ಮೋರಿಗೆ ಬಗ್ಗಿಸಿ, ಮೂಲೆಯಲ್ಲಿದ್ದ ಹಾಲಿನಪುಡಿಯ ಡಬ್ಬವೊಂದನ್ನು ತೆಗೆದುಕೊಂಡು, ಇಕ್ಕಳದಿಂದ ಒಂದೊಂದೇ ಸಿರಿಂಜನ್ನು ಅದಕ್ಕೆ ಹಾಕಿದಳು. ಅವನ ಕೈಯಲ್ಲಿದ್ದುದನ್ನೂ ಕಿತ್ತುಕೊಂಡಳು, ಕಪಾಟಿನಲ್ಲಿ ಪೇಪರು ಹಾಸಿ ಜೋಡಿಸಿದ್ದವನ್ನೂ ಬಿಡಲಿಲ್ಲ. ಅವು ಯಾರು ಯಾರಿಗೆ ಚುಚ್ಚಿದವೆಂದು ಎರಡೇ ಮಾತಿನಲ್ಲಿ ಹೇಳಿದಳು. ಗೋವಿಂದಯ್ಯ ಸ್ಟೂಲಿನ ಮೇಲೆ ಕೂತ. ಅವನು ತನ್ನ ಕೈ ನೋಡಿಕೊಂಡ, ಆಮೇಲೆ ಒಳಕೋಣೆಯ ಬಾಗಿಲು ನೋಡಿದ, ಆಮೇಲೆ ಮೆಲ್ಲಗೆ, ಜೋರಾಗಿ ಮಾತಾಡಬೇಡಿ ತಾಯಿ ಎಂದ.

ಅವಳು ಪರದೆ ಸರಿಸಿ ಬೆಂಚಿನಲ್ಲಿದ್ದ ಹೆಂಗಸರಿಗೆ ಹೇಳಿದಳು. ಇಲ್ಲಿ ಹಾಕಿಸಿಕೊಳ್ಳಬೇಡಿ, ಹೊಸ ಸಿರಿಂಜು ಅಂಗಡಿಯಿಂದ ತಂದು ಕೊಡಿ, ಪ್ಯಾಕೆಟ್ಟನ್ನು ನಿಮ್ಮ ಮುಂದೆ ಹರಿಯಲಿ ಎಂದಳು. ಕೊನೆಯಲ್ಲಿ ಕೂತಿದ್ದವಳು ಪಕ್ಕದವಳ ಕಿವಿಯ ಹತ್ತಿರ ಬಾಗಿ, ಇವಳೇ ಕಣೆ ಗುಂಡ್ಲುಪೇಟೆಯ ಸೂಜಿಯವಳು ಎಂದಳು. ಕಿವಿಯ ಹತ್ತಿರ ಹೇಳಿದರೂ ಎಲ್ಲರಿಗೂ ಕೇಳಿಸಿತು. ಪಕ್ಕದವಳು ತೊಡೆಯ ಮೇಲಿದ್ದ ಮಗುವಿಗೆ ಸೆರಗು ಮುಚ್ಚಿದಳು. ಮುಚ್ಚಿದ್ದು ಪರದೆಯ ಕಡೆಯಿಂದ ಅಲ್ಲ, ಕುಮಾರಿಯ ಕಡೆಯಿಂದ.

ದಾರಿಯಲ್ಲಿ ಅವ್ವ ಕೇಳಿದಳು, ಪರರ ಮನೆಯ ಸೂಜಿ ಎಲ್ಲ ಯಾಕಮ್ಮಿ ಬಾಚಿಕೊಂಡು ಬಂದೆ ಎಂದು. ಮೊಂಡಾಗಿದ್ದವು ಕಣವ್ವ ಎಂದಳು. ನನಗೇನೂ ನೋಯಲಿಲ್ಲವಲ್ಲ ಎಂದಳು ಅವ್ವ. ರಾಮಸಮುದ್ರದಲ್ಲಿ ಅವಳನ್ನು ಒಳಗೆ ಮಲಗಿಸಿ, ತೋಳನ್ನು ಸೋಪಿನಲ್ಲಿ ತೊಳೆದಳು. ತೊಳೆದರೆ ಏನೂ ಪ್ರಯೋಜನವಿಲ್ಲವೆಂದು ಟೈರಿನ ರಾಶಿಯ ಹಿಂದೆ ತಾನೇ ಗಂಡಸರಿಗೆ ಹೇಳುವ ಮಾತು. ಆದರೂ ಮತ್ತೆ ತೊಳೆದಳು. ಚುಚ್ಚಿದ ಜಾಗ ಸಾಸಿವೆಯಷ್ಟಿತ್ತು, ಅದರ ಪಕ್ಕದಲ್ಲೇ ನೆನ್ನೆಯದು. ಕುದಿಸಿದರೆ ಸಾಯುತ್ತದೆ ಎಂದು ಮೇಡಂ ಹೇಳಿದ್ದು ನೆನಪಿತ್ತು, ಸರಿಯಾಗಿ ಕುದಿಸಿದ್ದರೆ ಎಂದು ಸೇರಿಸಿದ್ದೂ ನೆನಪಿತ್ತು.

ವಾಪಸು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬ ಮುದುಕ ಕೂತ. ಅವನಿಗೆ ಅವಳಾರೆಂದು ಗೊತ್ತಿರಲಿಲ್ಲ, ಅವಳ ತೊಡೆಯ ಮೇಲಿನ ಡಬ್ಬವನ್ನು ನೋಡಿ ಮಗುವಿಗಾ ಎಂದು ಕೇಳಿದ. ಹೌದು ಎಂದಳು. ಹೊಲಗಳಲ್ಲಿ ಹುರುಳಿ ಒಣಗಿ ನಿಂತಿತ್ತು. ವಾರಕ್ಕೊಂದು ಸಲ ಶಾಂತರಾಜು ತಾನಾಗಿಯೇ ತೋಳು ಮಡಿಸಿ ದೀಪದ ಕೆಳಗೆ ಹಿಡಿಯುತ್ತಿದ್ದ, ‘ತಪಾಸಣೆ ಮಾಡ್ಕೊ ಸೂಜಿ ಮೇಡಮ್ಮು’ ಎಂದು ನಗುತ್ತಿದ್ದ. ಅವಳು ಮೊಣಕೈಯ ಮಡಿಕೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದಳು. ನರ ಹಳೆಯ ಹಗ್ಗದ ಹಾಗೆ ಗಟ್ಟಿಯಾಗಿತ್ತು, ಹೊಸ ಗುರುತಿರಲಿಲ್ಲ. ಎಷ್ಟು ಹಗುರಾಗುತ್ತಿದ್ದಳು ಆಗ. ತೋಳನ್ನು ಯಾಕೆ ಕೊಡುತ್ತಿದ್ದ ಅವನು, ತಾನಾಗಿ, ಕೇಳದೆ? ಗೂಡಿನ ಬೂದಿ ಸುಡುತ್ತದೆಂದು ಕಟ್ಟಿಕೊಂಡ ಕ್ಯಾನ್ವಾಸ್ ಶೂಗಳನ್ನು ಮನೆಯಲ್ಲೂ ಬಿಚ್ಚುತ್ತಿರಲಿಲ್ಲ. ಕಾಲು ತಣ್ಣಗಾಗುತ್ತದಂತೆ. ಅವಳೇ ಮೂಲೆಯಿಂದ ಅವನ ಹಳೆಯ ಕಾಲುಚೀಲ ಹುಡುಕಿ ಕೊಟ್ಟಿದ್ದಳು. ಸಂಕ್ರಾಂತಿಯ ದಿನ ಎಣ್ಣೆ ಹಚ್ಚಲು ಕೂತಾಗ ಪಾದಕ್ಕೆ ಕೈ ತಂದರೆ ಹಿಂದಕ್ಕೆ ಎಳೆದುಕೊಂಡು, ಹೆಂಡತಿಯ ಕೈಲಿ ಕಾಲು ಮುಟ್ಟಿಸಿಕೊಳ್ಳುವ ಕಾಲ ಹೋಯಿತು ಕಣಮ್ಮಿ ಎಂದಿದ್ದ. ಆ ಮಾತನ್ನು ಅವಳು ಮೇಡಂಗೂ ಹೇಳಿ ಹೊಗಳಿದ್ದಳು. ತೆರಕಣಾಂಬಿಯಲ್ಲಿ ಮುದುಕ ಇಳಿದ. ಇಳಿಯುವಾಗ, ಮಗು ಚೆನ್ನಾಗಿರಲಿ ತಾಯಿ ಎಂದ. ಅವಳಿಗೆ ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಅತ್ತದ್ದು ಅವ್ವನಿಗಲ್ಲ, ಗಂಡ ಮತ್ತೆ ಔಷಧಕ್ಕೆ ಬಿದ್ದದ್ದಕ್ಕೂ ಅಲ್ಲ. ಬಿದ್ದವರನ್ನು ಅವಳು ದಿನಾ ನೋಡುವವಳು, ಬೀಳುವುದು ಅವಳಿಗೆ ದೊಡ್ಡದಲ್ಲ. ಬೆಳಿಗ್ಗೆ ಬೀದಿಯ ತಿರುವಿನವರೆಗೂ ಬಂದು ಗೋವಿಂದಯ್ಯನ ಹತ್ತಿರ ಬೇಡ ಎಂದನಲ್ಲ, ಅದಕ್ಕೆ ಅಳು ಬಂದಿತ್ತು. ಅವನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ತನ್ನ ಅತ್ತೆಯೊಬ್ಬಳನ್ನು ಆ ಬೆಂಚಿನಿಂದ ಎಬ್ಬಿಸಲು ನೋಡಿದ್ದ, ಮಿಕ್ಕವರನ್ನು ಅಲ್ಲೇ ಬಿಟ್ಟಿದ್ದ.

ಭೀಮನಬೀಡಿನ ದಾರಿಯಲ್ಲಿ ನಡೆದುಹೋಗುವಾಗ ಬಿಸಿಲು ಇಳಿಯುತ್ತಿತ್ತು. ಗೂಡಿಗೆ ಬೆಂಕಿ ಕೊಟ್ಟು ಎರಡನೆಯ ದಿನ. ಸುಣ್ಣದ ಗೆರೆ ಅಲ್ಲಲ್ಲಿ ಅಳಿಸಿತ್ತು. ಅವಳು ಅದರ ಮೇಲೆಯೇ ಕಾಲಿಟ್ಟು ದಾಟಿದಳು. ಸೌದೆಯ ಅಟ್ಟಿಯ ಮೇಲಿದ್ದ ಮಾದಣ್ಣ ಕೈ ಬೀಸಿ, ‘ಏ, ಅಲ್ಲೇ ನಿಂತ್ಕೊ ಕಣಮ್ಮಿ, ಗೂಡು ಉರೀತದೆ’ ಎಂದ. ಬೆಂಕಿಯ ಬಾಯಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದ ಶಾಂತರಾಜು ತಿರುಗಿದ. ಮುಖವೆಲ್ಲ ಮಸಿ. ಅವಳ ಕೈಯ ಡಬ್ಬ ನೋಡಿ ಎದ್ದು ನಿಂತ.

‘ಅವ್ವಂಗೆ ಗೋವಿಂದಯ್ಯ ಸೂಜಿ ಆಕ್ದ,’ ಎಂದಳು.

‘ಅಲ್ಲಿಗ್ಯಾಕೆ ಕರ್ಕೊಂಡೋದೆ? ದೊಡ್ಡಾಸ್ಪತ್ರೆಗೆ ಓಗು ಅಂತ ಒತ್ತಾರೆಯಿಂದ ಬಡ್ಕೊಳ್ಲಿಲ್ವಾ ನಾನು?’

ಎರಡು ಮೈಲಿ ನಡೆದು ಬರುತ್ತ ಅವಳು ಎಷ್ಟೋ ಪ್ರಶ್ನೆಗಳನ್ನು ಜೋಡಿಸಿಕೊಂಡಿದ್ದಳು. ಅವನ ಒಂದು ಮಾತಿನಲ್ಲಿ ಎಲ್ಲಕ್ಕೂ ಉತ್ತರ ಬಂತು. ಯಾವ ಸೂಜಿ ಎಂದು ಅವನು ಕೇಳಲಿಲ್ಲ. ಅವನ ದನಿಯಲ್ಲಿ ಇದ್ದದ್ದು ಸಿಟ್ಟು. ತಾನು ಮಾಡಬೇಕಾದ್ದನ್ನು ಮಾಡಿದ್ದೆ, ಮಾತು ಕೇಳದೆ ಕೆಡಿಸಿದವಳು ನೀನು ಎಂಬ ಸಿಟ್ಟು. ಅದು ಸುಳ್ಳು ಸಿಟ್ಟೂ ಆಗಿರಲಿಲ್ಲ. ಆ ಸಿಟ್ಟಿಗಿಂತ ಹೆಚ್ಚಾಗಿ ಅವಳನ್ನು ಯಾವುದೂ ಎಂದೂ ಅವಮಾನ ಮಾಡಿರಲಿಲ್ಲ.

‘ಚುಕ್ಕೆ ಸೋಮಯ್ಯಂದು,’ ಎಂದಳು.

ಅವನು ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಊರಿದ. ಸೋಮಯ್ಯನಿಗೆ ಏನಿದೆಯೆಂದು ಅವನಿಗೂ ಗೊತ್ತಿರಲಿಲ್ಲ. ಆದರೆ ಅವಳು ಆ ಹೆಸರು ಹೇಳಿದ ಬಗೆಯಲ್ಲಿ ಗೊತ್ತಾಯಿತು. ‘ಎಲ್ಡು ಸಲ ಕುದಿಸ್ತೀನಿ ಅಂದಿದ್ದ ಕಣಮ್ಮಿ ಅವ್ನು,’ ಎಂದ. ಸಿಟ್ಟು ಹೋಗಿ ದನಿ ಮಗುವಿನದಾಗಿತ್ತು.

‘ಶೂ ಬಿಚ್ಚು.’

ಮಾದಣ್ಣ ನೋಡುತ್ತಿದ್ದ. ಶಾಂತರಾಜು ಇಟ್ಟಿಗೆಯ ಮೇಲೆ ಕೂತು ಬಿಚ್ಚಿದ. ಕಾಲುಚೀಲ ಒಂದು ಕಡೆ ಅಂಟಿಕೊಂಡಿತ್ತು. ಬೆರಳುಗಳ ಸಂದಿಯಲ್ಲಿ ಚರ್ಮ ಬಿಳಿಚಿಕೊಂಡು, ಅದರ ನಡುವೆ ಕಪ್ಪು ಕಪ್ಪು ಗುರುತು, ಒಂದು ಕೀವು ಹಿಡಿದಿತ್ತು. ಅವಳು ಬಗ್ಗಿ ನೋಡಿದಳು. ಇಂಥ ಗಾಯವನ್ನು ಎಷ್ಟೋ ಜನರದು ತೊಳೆದು ಪಟ್ಟಿ ಕಟ್ಟಿದ್ದಾಳೆ. ಕೈ ತಾನಾಗಿಯೇ ಮುಂದೆ ಹೋಯಿತು, ಅರ್ಧಕ್ಕೆ ನಿಂತಿತು. ಚುಚ್ಚಿಕೊಳ್ಳಲು ಸಿರಿಂಜು ಎಲ್ಲಿಂದ ಬಂತೆಂದು ಕೇಳಿದಳು. ಡಬ್ಬದ್ದೇ ಎಂದ. ಹೊಸದನ್ನು ಅವಳ ಬ್ಯಾಗಿನಿಂದ ತೆಗೆದರೆ ಗೊತ್ತಾಗುತ್ತಿತ್ತು, ಹಳೆಯದನ್ನು ಯಾರು ಎಣಿಸುತ್ತಾರೆ.

‘ಯಾವ ಬಣ್ಣದ್ದು?’

‘ಕತ್ಲಲ್ಲಿ ಬಣ್ಣ ಯಾರು ನೋಡ್ತಾರೆ?’

ಬೆಂಕಿಯ ಬಾಯಿಯಲ್ಲಿ ಸೌದೆಯೊಂದು ಸಿಡಿಯಿತು. ‘ನನ್ನ ಕೇಳ್ಬಾರ್ದಿತ್ತಾ?’ ಎಂದಳು. ‘ದಾರೀಲಿ ಓಗೋ ಲಾರಿಯೋನ್ಗೂ ಕೊಡ್ತೀನಿ. ಒಂದು ಮಾತು ಕೇಳಿದ್ರೆ ಕೊಡ್ತಿರ್ಲಿಲ್ವಾ?’

‘ಅವ್ರಿಗೆಲ್ಲ ನೀನು ಅಕ್ಕ,’ ಎಂದ ಶಾಂತರಾಜು, ಶೂವಿನೊಳಗೆ ನೋಡುತ್ತ. ‘ನನ್ನ ಗಂಡ ಬುಟ್ಟ, ನನ್ನ ಗಂಡ ಬುಟ್ಟ ಅಂತ ಎಲ್ರ ಮುಂದೆ ಏಳೋಳು ನೀನು. ನಿನ್ ಮುಂದೆ ಬಂದು ಕೈ ಒಡ್ಡದು ಎಂಗೆ?’

ಅವಳಿಗೆ ಸೈಕಲ್ಲಿನ ಚಕ್ರ ನೋಡುತ್ತ ನಿಂತಿದ್ದವನು ಕಣ್ಣ ಮುಂದೆ ಬಂದ. ಆ ಮಾತು ನಿಜ. ನಿಜವಾದ ಮಾತ್ರಕ್ಕೆ ಅದು ಅವನ ಕಳ್ಳತನಕ್ಕೆ ಬಟ್ಟೆ ಉಡಿಸಲಾರದು. ಆದರೆ ಅವಳಿಗೆ ಉಳಿದಿದ್ದ ಒಂದು ಸಮಾಧಾನವನ್ನೂ, ತನ್ನದೇನೂ ಇಲ್ಲ ಎಂಬುದನ್ನು, ಅದು ಕಿತ್ತುಕೊಂಡಿತು. ಊರಿನಲ್ಲಿ ಅವಳ ಹತ್ತಿರ ಹೊಸ ಸೂಜಿ ಕೇಳಲಾಗದವನು ಒಬ್ಬನೇ ಒಬ್ಬನಿದ್ದ, ಅವನು ಅವಳ ಪಕ್ಕದಲ್ಲಿ ಮಲಗುತ್ತಿದ್ದ. ಅವಳು ಬೆಂಕಿಯ ಬಾಯಿಗೆ ಹೋದಳು. ಮುಖ ಬೇಯುವಷ್ಟು ಹತ್ತಿರ ಹೋಗಿ ಡಬ್ಬವನ್ನು ಮುಚ್ಚಳ ಸಮೇತ ಒಳಗೆ ಎಸೆದಳು. ಮೊದಲು ತಗಡಿನ ಮೇಲಿನ ಮಗುವಿನ ಚಿತ್ರ ಕಪ್ಪಾಯಿತು, ಆಮೇಲೆ ಡಬ್ಬ ಬಾಯಿ ಬಿಟ್ಟಿತು, ಪ್ಲಾಸ್ಟಿಕ್ಕು ಉರಿದ ಕೆಟ್ಟ ವಾಸನೆ ಬಂತು. ಆ ವಾಸನೆ ಅವಳಿಗೆ ಹೊಸದು. ಇಷ್ಟು ದಿನ ಗಂಡನ ಅಂಗಿಯಲ್ಲಿ ಬರೀ ಸೌದೆಯ ಹೊಗೆಯಿತ್ತು. ಈ ವಾಸನೆ ಒಂದು ದಿನವೂ ಇರಲಿಲ್ಲವೆಂಬುದು ಆಗ ಹೊಳೆಯಿತು. ಮೂಗಿಗೆ ಗೊತ್ತಿದ್ದದ್ದನ್ನೂ ಅವಳು ನಂಬಿರಲಿಲ್ಲ.

ಮೇಡಂಗೆ ಮಾರನೆಯ ದಿನವೇ ಫೋನು ಮಾಡಿ ಹೇಳಿದಳು. ಅವರು, ಇದು ಹೊರಗೆ ಬಂದರೆ ಪ್ರಾಜೆಕ್ಟೇ ನಿಂತುಹೋಗುತ್ತದೆ, ಆಗ ಆ ಹುಡುಗರ ಗತಿ ಏನು ಕುಮಾರಿ, ಯೋಚನೆ ಮಾಡು ಎಂದರು. ಅದೂ ನಿಜವೇ. ಪೊಲೀಸರಿಗೆ ಹೇಳಲಿಲ್ಲ. ಕ್ಲಿನಿಕ್ಕಿನವರು ಕೆಲವು ದಿನ ಬಾಗಿಲು ಹಾಕಿ ಮತ್ತೆ ತೆಗೆದರು; ಗೋವಿಂದಯ್ಯ ಈಗ ಹೊಸ ಪ್ಯಾಕೆಟ್ಟನ್ನು ಎಲ್ಲರಿಗೂ ಕಾಣುವಂತೆ ಹರಿಯುತ್ತಾನೆಂದು ಅವ್ವ ಹೇಳಿದಳು. ಅದಕ್ಕೆ ಮುಂಚೆ ಆ ಬೆಂಚಿನಲ್ಲಿ ಯಾರು ಯಾರು ಕೂತಿದ್ದರೆಂದು ಯಾರಿಗೂ ತಿಳಿಯದು, ಅವರಿಗೂ ಯಾರೂ ಹೇಳಲಿಲ್ಲ. ಕುಮಾರಿಯೂ ಹೇಳಲಿಲ್ಲ. ಸೆರಗು ಮುಚ್ಚಿಸಿಕೊಂಡ ಆ ಮಗು ಮಾತ್ರ ಕೆಲವು ಸಲ ಕನಸಿನಲ್ಲಿ ಬರುತ್ತದೆ.

ಈಗ ಅವಳು ಅವ್ವನ ಅಡಕತ್ತರಿಯನ್ನು ಜೊತೆಗೆ ಒಯ್ಯುತ್ತಾಳೆ. ಹಳೆಯ ಸಿರಿಂಜು ಕೊಟ್ಟವನ ಎದುರಿಗೇ ಅದರ ಮೂತಿ ಕತ್ತರಿಸಿ ಡಬ್ಬಕ್ಕೆ ಹಾಕುತ್ತಾಳೆ. ಡಬ್ಬವನ್ನು ಗೂಡಿಗೆ ತಾನೇ ಹೊತ್ತು ಹಾಕುತ್ತಾಳೆ. ಮರಿಯಪ್ಪ ಮೊದಲು ಕೂಗಾಡಿದ. ಅವಳು ಗೆರೆ ದಾಟಿದ ಗೂಡಿನ ಇಟ್ಟಿಗೆ ಚೆನ್ನಾಗಿಯೇ ಬೆಂದಿದ್ದರಿಂದ ಆಮೇಲೆ ಏನೂ ಹೇಳಲಿಲ್ಲ. ಮಳೆಗಾಲ ಶುರುವಾಗುವ ಮುಂಚೆ ಸೋಮಯ್ಯ ತೀರಿಕೊಂಡ. ತನ್ನ ಸೂಜಿಗಳು ಎಲ್ಲಿಗೆ ಹೋಗಿದ್ದವೆಂದು ಅವನಿಗೆ ತಿಳಿಯಲೇ ಇಲ್ಲ, ಅಷ್ಟು ಮಾತ್ರ ಅವಳು ಕಾಪಾಡಿದಳು. ಅವ್ವ, ಗಂಡ, ತಾನು, ಮೂವರ ರಕ್ತವನ್ನೂ ಮೂರು ತಿಂಗಳು ಕಾದು ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದಳು. ಅವ್ವನಿಗೆ ಇಲ್ಲ ಎಂದು ಬಂತು. ಅವಳಿಗೂ ಇಲ್ಲ. ಶಾಂತರಾಜುವಿಗೆ ಇದೆ ಎಂದು ಬಂತು.

ಅವನು ಈಗ ಗೂಡಿನ ಹತ್ತಿರದ ಗುಡಿಸಲಿನಲ್ಲಿ ಮಲಗುತ್ತಾನೆ. ಗುರುವಾರ ಟೈರಿನ ರಾಶಿಯ ಹಿಂದೆ ಎಲ್ಲರೂ ಹೋದ ಮೇಲೆ ಬರುತ್ತಾನೆ. ಹಳೆಯದನ್ನು ಪೇಪರಿನಲ್ಲಿ ಸುತ್ತಿ ತರುತ್ತಾನೆ, ಸೋಮಯ್ಯ ತರುತ್ತಿದ್ದ ಹಾಗೆಯೇ. ಮಿಕ್ಕ ಬಣ್ಣಗಳಿಗೆಲ್ಲ ಒಡೆಯರಿದ್ದಾರೆ, ಕಪ್ಪುಗೆಂಪಿನ ಶೀಶೆ ಒಂದೇ ಯಾರದೂ ಅಲ್ಲದೆ ಉಳಿದಿತ್ತು. ಅವನ ಸಿರಿಂಜಿನ ರೆಕ್ಕೆಯ ಅಡಿಗೆ ಅವಳು ಅದನ್ನೇ ಹಚ್ಚಿ, ಒಣಗಲೆಂದು ಊದಿ, ಕೊಡುತ್ತಾಳೆ. ಅವನು ಕೈ ಒಡ್ಡಿ ತೆಗೆದುಕೊಳ್ಳುತ್ತಾನೆ. ಅವ್ವ ಉಳಿದಳು. ಗಂಡ ಎನ್ನುವವನು ಹೋದ, ಸೂಜಿಗೆ ಬರುವವರ ಸಾಲಿನಲ್ಲಿ ಒಬ್ಬ ಹೆಚ್ಚಾದ.